ಮಂದಾಕಿನಿ ಅಳಿಸಿದ ಒಂದು ಸಾಲು

ಬೇಲೆಕೇರಿಯ ಹರಿಕಂತ್ರರ ಕೇರಿಯಲ್ಲಿ ಮಂದಾಕಿನಿ ಎಂಬ ಹೆಸರಿನವಳು ಒಬ್ಬಳೇ. ಅಪ್ಪ ಶಾಲೆಯ ಮಾಸ್ತರರನ್ನು ಕೇಳಿ ಇಟ್ಟ ಹೆಸರು ಅದು. ಹೆಸರಿಟ್ಟವನು ಮಗಳು ಏಳನೇ ಇಯತ್ತೆ ಮುಗಿಸುವ ಮೊದಲೇ ಜ್ವರ ಬಂದು ಸತ್ತ. ಆಮೇಲೆ ಅವಳನ್ನೂ ಅವಳ ತಮ್ಮ ಮಂಗೇಶನನ್ನೂ ಸಾಕಿದ್ದು ತಾಯಿ ಬೊಮ್ಮಿಯ ಮೀನಿನ ಬುಟ್ಟಿ. ಬೊಮ್ಮಿ ದಿನಾ ಅಂಕೋಲಾ ಪೇಟೆಯಲ್ಲಿ ಕೂತು ಬಂಗಡೆ, ತಾರ್ಲೆ ಮಾರಿ ಮಗಳನ್ನು ಕಾರವಾರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿಸಿದಳು. ಮಗ ಓದಲಿಲ್ಲ. ಅವನಿಗೆ ಪುಸ್ತಕ ಕಂಡರೆ ಜ್ವರ, ನೀರು ಕಂಡರೆ ಹಬ್ಬ. ಇಪ್ಪತ್ತೇಳಕ್ಕೆಲ್ಲ ಸಣ್ಣ ಬೋಟೊಂದರ ತಾಂಡೇಲನಾಗಿ ಚುಕ್ಕಾಣಿ ಹಿಡಿದ.

ಮಂದಾಕಿನಿಯ ಕೆಲಸ ಕಾರವಾರದ ಕಾಜುಬಾಗಿನಲ್ಲಿ, ಔಷಧಿ ಅಂಗಡಿಯ ಮೇಲಿನ ಒಂದೇ ಕೋಣೆಯ ಆಫೀಸಿನಲ್ಲಿ. ಯಜಮಾನ ಸದಾಶಿವಗಡದ ರೋಷನ. ಹೋಟೆಲಿನ ಬಿಲ್ಲು, ಶಾಲೆಯ ಹಾಜರಿ, ಹೀಗೆ ಊರಿಗೆ ಬೇಕಾದ ಸಣ್ಣಪುಟ್ಟ ಪ್ರೋಗ್ರಾಮು ಬರೆದುಕೊಡುವುದು ಅವನ ದಂಧೆ. ಮಂದಾಕಿನಿ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ಸಂಜೆ ಬಸ್ಸು ಹಿಡಿದು ಬರುವಳು. ಮೂವತ್ತಮೂರು ದಾಟಿದರೂ ಮದುವೆಯಾಗಿರಲಿಲ್ಲ. ಕೇರಿಯ ಹೆಂಗಸರು ಆ ಮಾತು ತೆಗೆದರೆ, ನಿಮ್ಮ ಗಂಡಂದಿರನ್ನು ನೋಡಿದ ಮೇಲೆ ಧೈರ್ಯ ಬರಲಿಲ್ಲ ಎಂದುಬಿಡುವಳು. ಬಾಯಿ ಜೋರು, ಕೈ ಚುರುಕು. ಅಳುವುದನ್ನು ಯಾರೂ ಕಂಡದ್ದಿಲ್ಲ. ಈಗ ಅವಳನ್ನು ನೋಡಿದವರು ಆ ಮಂದಾಕಿನಿ ಇವಳೇ ಎಂದರೆ ನಂಬುವುದಿಲ್ಲ.

ಆ ವರ್ಷ ಮೀನುಗಾರರ ಸಂಘವೊಂದು ರೋಷನನ ಹತ್ತಿರ ಒಂದು ಕೆಲಸ ತಂದಿತು. ಕಡಲಿನಲ್ಲಿರುವ ಬೋಟುಗಳು ವೈರ್‌ಲೆಸ್ಸಿನಲ್ಲಿ ಮಾತಾಡುತ್ತವೆ. ನಾವು ಇಂಥಲ್ಲಿದ್ದೇವೆ, ಇಂಥ ಬಂದರು ಮುಟ್ಟಿದೆವು ಎಂದು. ಕೇಳಿಸಿಕೊಳ್ಳುವವರು ಅದನ್ನು ಸಾಲುಸಾಲಾಗಿ ಕಂಪ್ಯೂಟರಿಗೆ ಹಾಕುತ್ತಾರೆ. ಒಬ್ಬೊಬ್ಬರು ಒಂದೊಂದು ರೀತಿ ಹಾಕುತ್ತಾರೆ, ಅದೇ ಕಿರಿಕಿರಿ. ಒಬ್ಬ ಬೋಟಿನ ಪೂರ್ತಿ ಹೆಸರು ಬರೆದರೆ ಇನ್ನೊಬ್ಬ ಅರ್ಧ ನುಂಗುತ್ತಾನೆ, ಒಬ್ಬ ನಡುವೆ ಜಾಗ ಬಿಟ್ಟರೆ ಇನ್ನೊಬ್ಬ ಗೆರೆ ಎಳೆಯುತ್ತಾನೆ. ಗಾಳಿ ಎದ್ದ ದಿನ ಆ ನೂರಾರು ಸಾಲಿನಲ್ಲಿ ಯಾವ ಬೋಟು ದಡ ಸೇರಿತು ಎಂದು ಕಣ್ಣಿನಿಂದ ಹುಡುಕುವಷ್ಟರಲ್ಲಿ ಹೊತ್ತು ಮುಳುಗುತ್ತದೆ.

ಅದಕ್ಕೆ ರೋಷನ ಒಂದು ಹುಡುಕುವ ಪ್ರೋಗ್ರಾಮು ಬರೆದ. ಚಿತ್ರವಿಲ್ಲ, ಬಟನ್ನಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಕಮಾಂಡ್ ಬರೆದು ಎಂಟರ್ ಒತ್ತಿದರೆ ಆಯಿತು, ಬಂದ ಬೋಟುಗಳ ಹೆಸರಿನ ಮುಂದೆ 'ಬಂದಿದೆ' ಎಂದು ಬೀಳುತ್ತದೆ, ಉಳಿದವುಗಳ ಮುಂದೆ ಖಾಲಿ. ಹುಡುಕುವುದು ಒಂದು ನಮೂನೆಯ ಮೇಲೆ. ಹೆಸರು ಹೀಗೆ ಬರೆದಿರಲಿ ಹಾಗೆ ಬರೆದಿರಲಿ, ಇದು ಅದೇ ಬೋಟು ಎಂದು ಗುರುತು ಹಿಡಿಯುವ ನಮೂನೆ. ಆ ಕಸುಬಿನವರು ಅದಕ್ಕೆ ರೆಜೆಕ್ಸ್ ಅನ್ನುತ್ತಾರೆ. ಬುಟ್ಟಿ ಮುಚ್ಚಿದ್ದರೂ ಹೊರಗೆ ಚಾಚಿದ ಬಾಲ ನೋಡಿ ಬೊಮ್ಮಿ ಮೀನಿನ ಹೆಸರು ಹೇಳುತ್ತಾಳಲ್ಲ, ಹೆಚ್ಚುಕಡಿಮೆ ಅದೇ ವಿದ್ಯೆ.

ಆದರೆ ರೋಷನ ಗಡಿಬಿಡಿಯ ಮನುಷ್ಯ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಅದಕ್ಕೆ ಮಂದಾಕಿನಿಯನ್ನು ಕರೆದು ಟೆಸ್ಟುಗಳನ್ನು ಬರೆಯಲು ಹೇಳಿದ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಬರೆದಿಡುವುದು. ಪ್ರೋಗ್ರಾಮನ್ನು ಯಾರು ಮುಟ್ಟಿದರೂ ಕಂಪ್ಯೂಟರು ತಾನಾಗಿಯೇ ಆ ಪ್ರಶ್ನೆಗಳನ್ನು ಕೇಳಿ, ಉತ್ತರ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುತ್ತದೆ. ಸಿಗಬೇಕಾದದ್ದು ಸಿಕ್ಕರೆ ಸಾಲದು, ಸಿಗಬಾರದ್ದು ಸಿಗಬಾರದು, ಅದನ್ನೂ ಬರೆ ಎಂದು ರೋಷನ ಒತ್ತಿ ಹೇಳಿದ. ಹೂಂ ಅನ್ನುವುದು ಕೋಲೆಬಸವನಿಗೂ ಬರುತ್ತದೆ, ಊಹೂಂ ಅನ್ನಲು ಬರುತ್ತದೋ ನೋಡು ಎಂದ.

ಮಂದಾಕಿನಿ ಎಡವಿದ್ದು ಇಲ್ಲಿಯೇ. ಅದು ತಿಳಿಯಬೇಕಾದರೆ ನಮ್ಮ ಕಡಲ ಮಂದಿಯ ಒಂದು ಸ್ವಭಾವ ಹೇಳಬೇಕು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಅಕ್ಕಿ ಮುಗಿದರೆ ಹೆಚ್ಚಾಯಿತು ಅನ್ನಬೇಕು. ಇಷ್ಟನ್ನು ಎಲ್ಲ ಕಡೆಯವರೂ ಮಾಡುತ್ತಾರೆ. ಬೋಟಿನ ವಿಷಯದಲ್ಲಿ ಇವರು ಇನ್ನೂ ಒಂದು ಕೈ ಮೇಲೆ. ಕಡಲಿಗೆ ಹೊರಟವನು 'ಹೋತೆ' ಅನ್ನುವುದಿಲ್ಲ, 'ಬತ್ತೆ' ಅನ್ನುತ್ತಾನೆ. ಹೊತ್ತಾದರೂ ಕಾಣದ ಬೋಟನ್ನು ಮನೆಯವರು ಬರಲಿಲ್ಲ ಅನ್ನುವುದಿಲ್ಲ. ಯಾರು ಕೇಳಿದರೂ 'ಬತ್ತಾ ಅದೆ' ಎಂದೇ ಉತ್ತರ. ನೀರಿನ ಮೇಲಿರುವ ಬೋಟಿನ ಹೆಸರಿಗೆ 'ಇಲ್ಲ' ಎಂಬ ಮಾತನ್ನು ಅಂಟಿಸಿದರೆ ಆ ಮಾತು ಹೋಗಿ ಬೋಟಿನಲ್ಲಿ ಕೂರುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಓದಿದವರು ನಗಬಹುದು, ನಗಲಿ. ಅವರ ಮನೆಯವರು ದಡದ ಮೇಲೆ ಮಲಗುತ್ತಾರೆ.

ಒಂದು ಭಾನುವಾರ ಮಂದಾಕಿನಿ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಟೆಸ್ಟು ಬರೆಯುತ್ತಿದ್ದಳು. 'ಬಂದಿದೆ' ಎನ್ನುವವು ಸರಸರ ಆಗಿದ್ದವು, ಕೇರಿಯ ಬೋಟುಗಳನ್ನೆಲ್ಲ ಒಂದೊಂದಾಗಿ ದಡಕ್ಕೆ ತಂದು ನಿಲ್ಲಿಸಿದ್ದಳು. ಈಗ ಸಿಗಬಾರದ್ದರ ಸರದಿ. ತಟ್ಟನೆ ಹೊಳೆದದ್ದು ತಮ್ಮನ ಬೋಟು, ಶಾಂತಾದುರ್ಗಾ 36. ಅದೇ ಹೆಸರಿನ ಇನ್ನೊಂದು ಬೋಟು ಸದಾಶಿವಗಡದಲ್ಲಿತ್ತು, ಶಾಂತಾದುರ್ಗಾ 361. ದೇವಿಯ ಹೆಸರಿನ ಬೋಟುಗಳಿಗೆ ನಮ್ಮಲ್ಲಿ ಬರವಿಲ್ಲ, ನಂಬರೇ ಗುರುತು. ಪರೀಕ್ಷೆ ಮಾಡುವುದಿದ್ದರೆ ಇಂಥ ಜೋಡಿಯನ್ನೇ ಮಾಡಬೇಕು ಎಂದು ಅವಳ ಬುದ್ಧಿ ಹೇಳಿತು. ಬುದ್ಧಿ ಸರಿಯಾಗಿಯೇ ಹೇಳಿತ್ತು. 361 ಬಂದಿದೆ ಎಂಬ ಸುದ್ದಿ ಮಾತ್ರ ಇದೆ, ಹಾಗಾದರೆ 36 ಬಂದಿದೆಯೇ ಎಂದು ಪ್ರಶ್ನೆ ಬರೆದು, ಉತ್ತರದ ಜಾಗದಲ್ಲಿ 'ಇಲ್ಲ' ಎಂದು ಒತ್ತಿದಳು.

ಹಿಂದೆ ನಿಂತು ಬಾಳೆಹಣ್ಣು ತಿನ್ನುತ್ತಿದ್ದ ಮಂಗೇಶ ಬಗ್ಗಿ ನೋಡಿದ. ಇದೆಂತದು, ನನ್ನನ್ನೇ ಮುಳುಗಿಸಿಬಿಟ್ಟೆಯಲ್ಲ ಎಂದು ದೊಡ್ಡದಾಗಿ ನಕ್ಕ. ಅಂಗಳದಲ್ಲಿ ಮೀನು ಒಣಹಾಕುತ್ತಿದ್ದ ಬೊಮ್ಮಿಗೆ ಓದಲು ಬಾರದು, ಆದರೆ ಕಿವಿ ಚುರುಕು. ಎಂತಕ್ಕೆ ನಗು ಎಂದು ಕೇಳಿದಳು. ಮಗ ತಮಾಷೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬೊಮ್ಮಿ ಕೈಯಲ್ಲಿದ್ದ ಮೊರವನ್ನು ಅಲ್ಲೇ ಬಿಟ್ಟು ಜಗಲಿಗೆ ಬಂದಳು. ಅವಳ ಮುಖ ನೋಡಿ ಮಂಗೇಶನ ನಗು ನಿಂತಿತು.

"ಅಳ್ಸು ಅದ್ನ," ಎಂದಳು ಬೊಮ್ಮಿ. "ನೀರಲ್ಲಿರೂ ಬೋಟಿಗೆ ಇಲ್ಲ ಹೇಳೂಕಾಗ. ಬಾಯಿಗೆ ಬರೂಕೂ ಆಗ, ಬರ್ಯೂಕೂ ಆಗ."

ಇದು ಬರೀ ಕಂಪ್ಯೂಟರಿನ ಲೆಕ್ಕ ಎಂದು ಮಂದಾಕಿನಿ ಎಷ್ಟೋ ಹೇಳಿದಳು. ಮಂಗೇಶನೂ ಅಕ್ಕನ ಪರ ನಿಂತ. "ಇರ್ಲಿ ಬಿಡೆ ಆಯಿ. ಸಮುದ್ರಕ್ಕೆ ಓದೂಕೆ ಬತ್ತದ್ಯೇನೆ?" ಎಂದ. ಬೊಮ್ಮಿ ಒಂದಕ್ಕೂ ಬಗ್ಗಲಿಲ್ಲ, ಪರದೆಯ ಕಡೆ ಬೆರಳು ತೋರಿಸಿಕೊಂಡು ಅಲ್ಲೇ ನಿಂತಳು. ನಿಜ ಹೇಳಬೇಕೆಂದರೆ ಮಂದಾಕಿನಿಗೂ ಆ 'ಇಲ್ಲ' ಒತ್ತುವಾಗ ಬೆರಳು ಒಂದು ಗಳಿಗೆ ತಡೆದಿತ್ತು. ಡಿಪ್ಲೊಮಾ ತಲೆಗೆ ಹತ್ತಿತ್ತು, ಬೆರಳಿಗೆ ಇಳಿದಿರಲಿಲ್ಲ. ಆ ಸಾಲನ್ನು ಅಳಿಸಿದಳು. ಬೊಮ್ಮಿ ಒಳಗಿನಿಂದ ಉಪ್ಪು, ಮೆಣಸಿನಕಾಯಿ ತಂದು ಮಗನಿಗೆ ನಿವಾಳಿಸಿ ಒಲೆಗೆ ಹಾಕಿದಳು. ಅವನು ಸೀನುತ್ತ ಸೀನುತ್ತ ಹೊರಗೆ ಓಡಿದ.

ಬದಲಿಗೆ ಮಂದಾಕಿನಿ ಒಂದು ಉಪಾಯ ಮಾಡಿದಳು. ಲೋಕದಲ್ಲಿ ಯಾವ ಬೋಟಿಗೂ ಯಾರೂ ಇಡದ 'ಟಪಟಪ' ಎಂಬ ಹೆಸರು ಹುಟ್ಟಿಸಿ, ಅದಕ್ಕೆ 'ಇಲ್ಲ' ಎಂದು ಬರೆದಳು. ಟಪಟಪ ಬಂದಿದೆಯೇ? ಇಲ್ಲ. ಹಸಿರು ಬಿತ್ತು. ಬೀಳದೆ ಏನು ಮಾಡುತ್ತದೆ! ಯಾವ ಹೆಸರಿನ ಹತ್ತಿರಕ್ಕೂ ಸುಳಿಯದ ಹೆಸರು ಅದು. ಮರುದಿನ ರೋಷನ ಪರದೆಯ ಮೇಲಿನ ಹಸಿರನ್ನೆಲ್ಲ ನೋಡಿ ಶಾಬಾಸ್ ಎಂದ. ಟೆಸ್ಟುಗಳನ್ನು ಒಂದೊಂದಾಗಿ ಓದುವ ತಾಳ್ಮೆ ಅವನಿಗಿಲ್ಲ. ಪ್ರೋಗ್ರಾಮು ಬೇಲೆಕೇರಿಯ ಸಂಘದ ವೈರ್‌ಲೆಸ್ ಕೋಣೆಗೆ ಹೋಯಿತು. ಅಲ್ಲಿ ಕೂರುವವನು ಸತೀಶ, ಅದೇ ಕೇರಿಯ ಹುಡುಗ. ಒಳ್ಳೆ ಕೆಲಸ ಮಾಡ್ತದೆ ಮಂದಕ್ಕ ಎಂದು ಸಿಕ್ಕಾಗೆಲ್ಲ ಹೊಗಳುತ್ತಿದ್ದ.

ದೀಪಾವಳಿ ಹತ್ತಿರ ಬಂದಾಗ ಮಂಗೇಶ, ಕಾಶಿ ಮತ್ತು ಹುಲಿಯಾ ಮೂವರು ಶಾಂತಾದುರ್ಗಾ 36 ಹತ್ತಿ ಹೊರಟರು. ಕಾಶಿ ಮಂಗೇಶನ ಓರಗೆಯವ. ಹುಲಿಯಾ ಮಂಗೇಶನ ಅಪ್ಪನ ಕಾಲದಿಂದಲೂ ಬಲೆ ಎಳೆದವನು. ಹೋಗುವಾಗ ಮಂಗೇಶ ಎಂದಿನಂತೆ ಬಾಗಿಲಲ್ಲಿ ನಿಂತು 'ಬತ್ತೆ' ಎಂದ. ಎರಡು ದಿನ ಬಿಟ್ಟು ತೂಫಾನು ಎದ್ದಿತು. ಕಡಲಿನಲ್ಲಿದ್ದ ಬೋಟುಗಳೆಲ್ಲ ಕಾರವಾರದ ಬೈತಖೋಲ ಬಂದರಿನ ಕಡೆ ಓಡಿದವು. ಗುಡ್ಡದ ಮರೆಯಿರುವ ಬಂದರು, ಗಾಳಿಯ ಹೊಡೆತ ಅಲ್ಲಿ ಕಡಿಮೆ. ವೈರ್‌ಲೆಸ್ಸಿನಲ್ಲಿ ಕೂಗು ಶುರುವಾಯಿತು. ಸಾಲಿನ ಮೇಲೆ ಸಾಲು ಬಂದು ಬಿದ್ದವು.

ಸಂಜೆಯ ಹೊತ್ತಿಗೆ ಸತೀಶನ ಕಿಟಕಿಯ ಎದುರು ಕೇರಿಗೆ ಕೇರಿಯೇ ನಿಂತಿತ್ತು. ಬೊಮ್ಮಿಯೂ ಮಂದಾಕಿನಿಯೂ ಆ ಗುಂಪಿನಲ್ಲಿದ್ದರು. ಸತೀಶ ಎಲ್ಲ ಬೋಟುಗಳ ಹೆಸರನ್ನು ಒಟ್ಟಿಗೆ ಕೊಟ್ಟು ಎಂಟರ್ ಒತ್ತಿದ. ಒಂದೊಂದೇ ಹೆಸರು ಓದಿದ. ಶಾಂತಾದುರ್ಗಾ 36, ಬಂದಿದೆ, ಬೈತಖೋಲ. ಬೊಮ್ಮಿ ಕಣ್ಣು ಮುಚ್ಚಿ ಎರಡೂ ಕೈ ತಲೆಯ ಮೇಲೆತ್ತಿ ಮುಗಿದಳು. ಆಮೇಲೆ ಮಗಳ ಭುಜ ಹಿಡಿದು, ನೀನು ಮಾಡಿದ ಯಂತ್ರವೇ ಅಲ್ಲವೇ ಇದು ಎಂದು ಕೇಳಿದಳು. ಮಂದಾಕಿನಿ ಹೌದು ಎಂದಳು. ಅವಳ ಜೀವಮಾನದಲ್ಲಿ ತಾಯಿ ಅವಳ ಕೆಲಸವನ್ನು ಮೆಚ್ಚಿದ್ದು ಅದೊಂದೇ ಸಲ.

'ಬಂದಿದೆ' ಎಂದು ಬೀಳದ ಬೋಟುಗಳ ಹೆಸರನ್ನು ಸತೀಶ ಹುಡುಕಲು ಹೋಗುವವರಿಗೆ ಕಳಿಸಿದ. ಅವರು ಅವುಗಳ ಬೆನ್ನು ಹತ್ತಿ ಹೋದರು. 36 ಆ ಹೆಸರುಗಳಲ್ಲಿ ಇರಲಿಲ್ಲ.

ಮಂಗೇಶನ ಫೋನು ಹತ್ತಲಿಲ್ಲ. ಮಳೆಯಲ್ಲಿ ನೆನೆದ ಫೋನು ಹತ್ತುವುದೂ ಇಲ್ಲ ಎಂದು ಯಾರೂ ಗಾಬರಿಯಾಗಲಿಲ್ಲ. ಮರುದಿನ ಗಾಳಿ ತಗ್ಗಿ ರಸ್ತೆ ತೆರೆದ ಮೇಲೆ ಬೊಮ್ಮಿ ಒಣ ಲುಂಗಿ, ಅಂಗಿ, ಒಂದು ಡಬ್ಬಿ ಅನ್ನ ಕೊಟ್ಟು ಮಗಳನ್ನು ಬೈತಖೋಲಕ್ಕೆ ಕಳಿಸಿದಳು. ಬಂದರಿನಲ್ಲಿ ಬೋಟುಗಳು ಒಂದರ ಮೈಗೊಂದು ಒತ್ತಿ ನಿಂತಿದ್ದವು. ಗೋವಾದವು, ಮಲಪೆಯವು, ಎಲ್ಲಿಯವೋ. ಮಂದಾಕಿನಿ ಅವುಗಳ ಮೂತಿಯ ಮೇಲಿನ ಹೆಸರು ಓದುತ್ತ ಓದುತ್ತ ಹೋದಳು. ಹೊತ್ತು ನೆತ್ತಿಯ ಮೇಲೆ ಬಂದಿತ್ತು. ಕೊನೆಯ ಸಾಲಿನಲ್ಲಿ ನೀಲಿ ಬಣ್ಣದ ಮೇಲೆ ಬಿಳಿಯಲ್ಲಿ 'ಶಾಂತಾದುರ್ಗಾ' ಕಂಡಿತು. ಡಬ್ಬಿ ಎದೆಗೊತ್ತಿಕೊಂಡು ಓಡಿದಳು. ಹತ್ತಿರ ಹೋಗಿ ನಂಬರು ನೋಡಿದಳು. 361.

ಬೇರೆ ಯಾರಾದರೂ ಆಗಿದ್ದರೆ ಅಕ್ಕಪಕ್ಕದವರನ್ನು ಕೇಳುತ್ತಿದ್ದರು, ಇನ್ನೊಂದು ಸಾಲು ಹುಡುಕುತ್ತಿದ್ದರು. ಮಂದಾಕಿನಿ ಹುಡುಕಲಿಲ್ಲ. ಅವಳಿಗೆ ಅಲ್ಲೇ, ಆ ಕ್ಷಣವೇ ಎಲ್ಲ ತಿಳಿಯಿತು. ರೋಷನನ ನಮೂನೆ ತಲೆ ನೋಡಿತ್ತು, ಬಾಲ ನೋಡಿರಲಿಲ್ಲ. 36ನ್ನು ಕೇಳಿದರೆ 361ರ ಮೊದಲೆರಡು ಅಂಕೆ ಕಂಡು ಬಂದಿದೆ ಎಂದುಬಿಟ್ಟಿತ್ತು. ಅದನ್ನು ಹಿಡಿಯಬೇಕಾದ ಸಾಲನ್ನು ಅವಳು ಬರೆದಿದ್ದಳು, ಬರೆದು ಅಳಿಸಿದ್ದಳು. ಬಲೆಯ ರಾಶಿಯ ಮೇಲೆ ಕೂತಳು. ಫೋನು ತೆಗೆದು ಸತೀಶನಿಗೆ ಹಚ್ಚಿದಳು.

"ಸತೀಶ, 36 ಬರ್ಲಿಲ್ಲ," ಎಂದಳು. ಹುಟ್ಟಿದಾರಭ್ಯ ಆಡದ ಮಾತು ಅದು.

ಅವತ್ತು ಮಧ್ಯಾಹ್ನದ ಮೇಲೆ ಹುಡುಕುವವರು ಹೊರಟರು. ಕತ್ತಲಾಗುವ ಮೊದಲು ಹುಲಿಯಾ ಒಬ್ಬ ಸಿಕ್ಕಿದ, ಬಲೆಯ ತೇಲುಗುಂಡುಗಳ ಗೊಂಚಲಿಗೆ ಸೊಂಟ ಕಟ್ಟಿಕೊಂಡು ತೇಲುತ್ತಿದ್ದ. ಆಸ್ಪತ್ರೆಯಲ್ಲಿ ಮೂರು ದಿನ ಬಿಟ್ಟು ಬಾಯಿ ಬಿಟ್ಟ. ಬೋಟು ಮಗುಚಿದಾಗಲೇ ಕಾಶಿ ಹೋದನಂತೆ. ತಾನೂ ಮಂಗೇಶನೂ ಅದೇ ಗೊಂಚಲನ್ನು ಹಿಡಿದು ರಾತ್ರಿ ಕಳೆದರಂತೆ. ಬೆಳಗಾಯಿತು, ದೂರದಲ್ಲಿ ಹಡಗೊಂದು ಬೇರೆ ದಿಕ್ಕಿಗೆ ಹೋಗುವುದು ಕಂಡಿತು. ಹೆದರಬೇಡ ಹುಲಿಯಣ್ಣ, ನಾವು ಬರಲಿಲ್ಲವೆಂದು ಅಕ್ಕನ ಕಂಪ್ಯೂಟರಿಗೆ ಗೊತ್ತಾಗಿರುತ್ತದೆ, ಬರುತ್ತಾರೆ ಎಂದು ಮಂಗೇಶ ಹೇಳುತ್ತಲೇ ಇದ್ದನಂತೆ. ಹೊತ್ತು ನೆತ್ತಿಗೆ ಬಂದಾಗ ಅವನ ಕೈ ಬಿಟ್ಟಿತು. ಹುಲಿಯಾ ಇದನ್ನು ಮಂದಾಕಿನಿಗೆ ಸಮಾಧಾನವಾಗಲಿ ಎಂದೇ ಹೇಳಿದ. ತಮ್ಮ ಕೊನೆಯವರೆಗೂ ನಿನ್ನ ಹೆಸರು ಹೇಳಿದ ಎಂದು ಅವಳ ಕೈ ಹಿಡಿದುಕೊಂಡ. ಪಾಪ, ಅವನಿಗೇನು ಗೊತ್ತು.

ಮಂಗೇಶನ ದೇಹ ಅವರ್ಸಾದ ಮರಳಿನ ಮೇಲೆ ಬಂದು ಬಿತ್ತು. ಕಾಶಿಯದು ಇವತ್ತಿಗೂ ಸಿಕ್ಕಿಲ್ಲ. ಅವನ ತಾಯಿಯನ್ನು ಯಾರಾದರೂ ಕೇಳಿದರೆ ಈಗಲೂ 'ಬತ್ತಾ ಅದೆ' ಅನ್ನುತ್ತಾಳೆ. ಮಂದಾಕಿನಿ ಆ ಮನೆಯ ಎದುರು ಹಾಯುವುದನ್ನು ಬಿಟ್ಟು ಗದ್ದೆಯ ಬದುವಿನ ಮೇಲೆ ಸುತ್ತುಹಾಕಿ ಬಸ್ಸಿಗೆ ಹೋಗುತ್ತಾಳೆ.

ಕ್ರಿಯಾಕರ್ಮ ಮುಗಿಸಿ ಅವಳು ಆಫೀಸಿಗೆ ಹೋದಾಗ ರೋಷನ ತಲೆ ಎತ್ತಲಿಲ್ಲ. ನಮೂನೆ ಬರೆದವನು ನಾನು, ತಪ್ಪು ನನ್ನದು, ಸಂಘದವರ ಎದುರು ಹೋಗಿ ಒಪ್ಪಿಕೊಂಡು ಬಂದಿದ್ದೇನೆ ಎಂದ. ಮಾತು ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಟೆಸ್ಟೆಲ್ಲ ಹಸಿರೇ ಇದ್ದವಲ್ಲ ಮಂದಾ, ನೀನು ಮಾಡುವಷ್ಟು ಮಾಡಿದ್ದೆ ಎಂದೂ ಸೇರಿಸಿದ. ಅವಳು ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಳಿಸಿದ ಸಾಲನ್ನು ಅಕ್ಷರ ಬಿಡದೆ ಮತ್ತೆ ಬರೆದಳು. 361 ಬಂದಿದೆ. 36 ಬಂದಿದೆಯೇ? ಇಲ್ಲ. ಈ ಸಲ ಬೆರಳು ತಡೆಯಲಿಲ್ಲ. ಕೇರಿಯ ಬೋಟುಗಳಲ್ಲೆಲ್ಲ ಯಾರ ಹೆದರಿಕೆಯೂ ಇಲ್ಲದೆ 'ಇಲ್ಲ' ಎಂದು ಬರೆಯಬಹುದಾದ ಬೋಟು ಈಗ ಅದೊಂದೇ ಆಗಿತ್ತು.

ಟೆಸ್ಟು ಓಡಿಸಿದಳು. ಕೆಂಪು ಬಿತ್ತು. ನಂಬರು ಮುಗಿದ ಮೇಲೆ ಇನ್ನೊಂದು ಅಂಕೆ ಇರಬಾರದು ಎಂದು ನಮೂನೆಯ ಕೊನೆಗೆ ಸಣ್ಣದೊಂದು ಗುರುತು ಸೇರಿಸಿದಳು. ಅಷ್ಟೇ ಆಗಬೇಕಾಗಿದ್ದದ್ದು. ಮತ್ತೆ ಓಡಿಸಿದಳು, ಹಸಿರು ಬಿತ್ತು. ಅಂದಿನಿಂದ ಆ ಪ್ರೋಗ್ರಾಮನ್ನು ಯಾರು ಎಷ್ಟು ಮುಟ್ಟಿದರೂ ಕಂಪ್ಯೂಟರು 36 ಬಂತೇ ಎಂದು ಕೇಳುತ್ತದೆ. ಇಲ್ಲ ಎಂದು ಉತ್ತರ ಬಂದರೆ ಸರಿ ಅನ್ನುತ್ತದೆ.

ಮನೆಯಲ್ಲಿ ಬೊಮ್ಮಿ ಪೇಟೆಗೆ ಹೋಗುವುದನ್ನು ಬಿಟ್ಟಿದ್ದಳು. ಅನ್ನ ಮುಂದಿಟ್ಟರೆ ಕಲಸಿ ಕಲಸಿ ಹಾಗೇ ಬಿಡುವಳು. ಏನೋ ಒಂದನ್ನು ಒಳಗೇ ಅಗೆಯುತ್ತಿದ್ದಾಳೆ ಎಂದು ಮಂದಾಕಿನಿಗೆ ಕಾಣುತ್ತಿತ್ತು, ಏನೆಂದು ಕೇಳಲು ಧೈರ್ಯವಿರಲಿಲ್ಲ. ಯಂತ್ರ ಹೇಗೆ ತಪ್ಪಿತು ಎಂದು ಕೇರಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಎರಡು ನಂಬರು ಕಲಸಿತಂತೆ ಎಂಬಷ್ಟು ಬೊಮ್ಮಿಯ ಕಿವಿಗೂ ಬಿದ್ದಿತ್ತು. ಒಂದು ಸಂಜೆ ಮಗಳು ಬಸ್ಸಿಳಿದು ಬಂದು ಕಾಲು ತೊಳೆಯುವಾಗ ಬೊಮ್ಮಿ ಜಗಲಿಯಲ್ಲಿ, ಅವತ್ತು ನಿಂತ ಜಾಗದಲ್ಲೇ ಕೂತಿದ್ದಳು.

"ಮಗಾ," ಎಂದಳು. "ಅವತ್ತು ನಾ ಅಳ್ಸು ಅಂದೆ. ಅದು ಸಮಾ ಆಯ್ತೋ, ಇಲ್ವೋ?"

ಮಂದಾಕಿನಿ ತಂಬಿಗೆ ಕೆಳಗಿಟ್ಟಳು. ನಿಜ ನಾಲಿಗೆಯ ತುದಿಯಲ್ಲಿತ್ತು. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಎಂದು ಎಷ್ಟೋ ದಿನದಿಂದ ಅನ್ನಿಸಿತ್ತು. ತಾಯಿಯ ಮುಖ ನೋಡಿದಳು. ಬೊಮ್ಮಿಯ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು.

"ಸಮಾನೇ ಆಯ್ತು ಆಯಿ," ಎಂದಳು. "ನಾನೇ ಪೂರಾ ಅಳ್ಸಿರ್ಲಿಲ್ಲ. ಆ 'ಇಲ್ಲ' ಒಳಗೆ ಉಳ್ಕಂಡಿತ್ತು."

ಬೊಮ್ಮಿ ಸೆರಗಿನ ತುದಿಯನ್ನು ಕೈಬಿಟ್ಟಳು. "ಹಾಂಗಾರೆ ನೀನೇ," ಎಂದಳು.

"ಹೌದು ಆಯಿ. ನಾನೇ."

ಬೊಮ್ಮಿ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ತಾನೇ ಅನ್ನ ಬಡಿಸಿಕೊಂಡು, ಸಾರು ಹಾಕಿಕೊಂಡು, ಬಟ್ಟಲು ಖಾಲಿಯಾಗುವವರೆಗೆ ಉಂಡಳು. ಮರುದಿನ ಬುಟ್ಟಿ ಹೊತ್ತು ಅಂಕೋಲಾ ಪೇಟೆಗೆ ಹೋದಳು. ಮಗಳ ಹತ್ತಿರ ಅವಳು ಅಂದಿನಿಂದ ಒಂದು ಮಾತೂ ಆಡಿಲ್ಲ.